ಹಳೆಯ ಸಾಲ, ಹೊಸ ತಗಾದೆ

ಸಾಲ ಮಾಡಿದವನು ಸಾಲವನ್ನು ತೀರಿಸತಕ್ಕದ್ದು ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎದುರಾಡುವವರಿಲ್ಲ. ಆದರೆ ತೀರಿಸಿದ ಸಾಲವನ್ನು ಮತ್ತೊಮ್ಮೆ ತೀರಿಸೆಂದು ಗುರುತಿಲ್ಲದವನೊಬ್ಬನು ಬಂದು ಬಾಗಿಲಲ್ಲಿ ನಿಂತರೆ ಮಾಡತಕ್ಕದ್ದೇನು? ಕೇಳುವವನು ಸಾಲ ಕೊಟ್ಟವನಲ್ಲ. ಕೇಳುವ ಮೊತ್ತವು ಕೊಟ್ಟ ಮೊತ್ತವಲ್ಲ. ಕೇಳುವ ಕಾಲವಾದರೋ ಕಾಗದಪತ್ರಗಳೆಲ್ಲ ಗೆದ್ದಲಿನ ಪಾಲಾದ ಮೇಲಿನ ಕಾಲ. ಇಂತಹ ತಗಾದೆಗಳು ಇಂದು ಪಟ್ಟಣಗಳಲ್ಲಿ ಸಂಬಳವನ್ನೇ ನಂಬಿ ಬಾಳುವ ಗೃಹಸ್ಥರನ್ನು ಬಾಧಿಸುತ್ತಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿವರವಾಗಿ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಹುಬ್ಬಳ್ಳಿಯಂತಹ ಊರಿನ ಒಬ್ಬ ಗುಮಾಸ್ತನನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. 2013ರಲ್ಲಿ ಆತನು ಒಂದು ಬ್ಯಾಂಕಿನಿಂದ ಕ್ರೆಡಿಟ್ ಕಾರ್ಡನ್ನು ಪಡೆದನು. 2015ರಲ್ಲಿ, ಬಾಕಿಯಿದ್ದ 18,400 ರೂಪಾಯಿಗಳನ್ನು ಕಟ್ಟಿ, ಕಾರ್ಡನ್ನು ಕತ್ತರಿಸಿಹಾಕಿ, ವ್ಯವಹಾರ ಮುಗಿಯಿತೆಂದು ನೆಮ್ಮದಿಯಿಂದಿದ್ದನು. ಆಮೇಲೆ ವರ್ಗವಾಯಿತು, ಮನೆ ಬದಲಾಯಿತು. ರಸೀದಿಯು ಯಾವ ಪೆಟ್ಟಿಗೆಯ ತಳವನ್ನು ಸೇರಿತೋ ನೆನಪಿಲ್ಲ. ಹತ್ತು ವರ್ಷಗಳ ಮೇಲೆ ಒಂದು ದಿನ, ಆತನು ಕಚೇರಿಯಲ್ಲಿ ಕುಳಿತಿರುವಾಗ ದೂರವಾಣಿಯಲ್ಲಿ ಒಂದು ಧ್ವನಿ ಕೇಳಿಬರುತ್ತದೆ: “ಸರ್, ನಿಮ್ಮ ಬಾಕಿ 1,12,000 ರೂಪಾಯಿ ಆಗಿದೆ. ನಾಳೆ ವಾರಂಟು ಹೊರಡುತ್ತದೆ. ಇವತ್ತು ಸಂಜೆಯೊಳಗೆ ಐದು ಸಾವಿರ ಕಟ್ಟಿಬಿಡಿ, ಮೇಲಿನವರಿಗೆ ಹೇಳಿ ಫೈಲು ಮುಚ್ಚಿಸುತ್ತೇವೆ.” ಪಕ್ಕದ ಮೇಜಿನವರು ಕಿವಿಗೊಡುತ್ತಿದ್ದಾರೆ. ಮಗಳ ಮದುವೆ ನಿಶ್ಚಯವಾಗಿದೆ. ಐದು ಸಾವಿರ ಹೋದರೆ ಹೋಗಲಿ, ಮಾನವೊಂದು ಉಳಿದರೆ ಸಾಕೆಂದು ಆತನ ಕೈ ಹಣದ ಕಡೆಗೆ ಹೋಗುತ್ತದೆ.

ಆ ಕೈಯನ್ನು ಅಲ್ಲಿಯೇ ತಡೆಯಬೇಕೆಂಬುದೇ ನಮ್ಮ ಈ ಲೇಖನದ ಉದ್ದೇಶ. ಭಯದಿಂದಲೂ ನಾಚಿಕೆಯಿಂದಲೂ ಹಣ ಕೊಡತಕ್ಕದ್ದಲ್ಲ. ಪತ್ರವನ್ನು ನೋಡಿ, ಲೆಕ್ಕವನ್ನು ಕೇಳಿ, ಋಣವು ನಿಜವೆಂದು ತಿಳಿದ ಮೇಲೆ ಕೊಡತಕ್ಕದ್ದು.

ಮೊದಲು ವಾರಂಟಿನ ಮಾತನ್ನು ವಿಚಾರಿಸೋಣ. ಸಾಲವನ್ನು ಕಟ್ಟದಿರುವುದು ದಿವಾಣಿ ವಿಷಯವೇ ಹೊರತು ಅಪರಾಧವಲ್ಲ. ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ, ಇಲ್ಲವೆ ಮೋಸದಿಂದ ಸಾಲವನ್ನೆತ್ತಿದ್ದರೆ ಆ ಮಾತು ಬೇರೆ. ಬರಿಯ ಬಾಕಿಗಾಗಿ ಪೊಲೀಸರು ಯಾರನ್ನೂ ಹಿಡಿದೊಯ್ಯುವಂತಿಲ್ಲ. ನ್ಯಾಯಾಲಯದಲ್ಲಿ ದಾವೆ ಹೂಡಿ ಡಿಕ್ರಿ ಪಡೆದ ಮೇಲೂ, ಕೊಡುವ ಶಕ್ತಿಯಿಲ್ಲದ ಪ್ರಾಮಾಣಿಕ ಸಾಲಗಾರನನ್ನು ಸೆರೆಗೆ ಕಳುಹಿಸಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಸ್ಪಷ್ಟಪಡಿಸಿರುವುದು. ಆದುದರಿಂದ ದೂರವಾಣಿಯಲ್ಲಿ ಹೊರಡುವ ವಾರಂಟು ಬಾಯಿಯಲ್ಲಿ ಹುಟ್ಟಿ ಬಾಯಿಯಲ್ಲಿಯೇ ಸಾಯುವ ವಾರಂಟು.

ಇನ್ನು, ಕೇಳುವವನು ಯಾರು? ಹಳೆಯ ಬಾಕಿಯು ಬ್ಯಾಂಕಿನ ಕೈಯಿಂದ ಬೇರೆಯವರ ಕೈಗೆ ಬರುವುದಕ್ಕೆ ಎರಡು ದಾರಿಗಳುಂಟು. ವಸೂಲಾಗದೆಂದು ತೋರಿದ ಬಾಕಿಯನ್ನು ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ತೆಗೆದುಹಾಕುವುದುಂಟು. ಇದು ಲೆಕ್ಕಪತ್ರದ ಅನುಕೂಲಕ್ಕಾಗಿ ಮಾಡುವ ಕ್ರಮವೇ ಹೊರತು ಸಾಲದ ಮನ್ನಾ ಅಲ್ಲ. ಆಮೇಲೆ ಬ್ಯಾಂಕು ಒಂದು ವಸೂಲಿ ಸಂಸ್ಥೆಯನ್ನು ನೇಮಿಸಬಹುದು. ಆ ಸಂಸ್ಥೆಯು ಬ್ಯಾಂಕಿನ ಆಳು ಮಾತ್ರ; ಋಣವು ಬ್ಯಾಂಕಿನದಾಗಿಯೇ ಉಳಿಯುವುದು. ಅಥವಾ ಬ್ಯಾಂಕು ಆ ಬಾಕಿಯನ್ನೇ ಮಾರಿಬಿಡಬಹುದು. 2002ರ ಕಾಯಿದೆಯ ಮೇರೆಗೆ ಇಂತಹ ಬಾಕಿಗಳನ್ನು ಕೊಳ್ಳುವ ಆಸ್ತಿ ಪುನರ್ರಚನಾ ಕಂಪನಿಗಳೆಂಬುವು ರಿಸರ್ವ್ ಬ್ಯಾಂಕಿನ ಅನುಮತಿಯಿಂದ ನಡೆಯುತ್ತಿವೆ. ಆಳು ಯಾರು, ಒಡೆಯನು ಯಾರು ಎಂಬುದನ್ನು ತಿಳಿಯದೆ ಕೊಟ್ಟ ಹಣವು ಋಣಕ್ಕೆ ಜಮೆಯಾಗುವುದೆಂಬ ಭರವಸೆಯಿಲ್ಲ.

ಈ ವಿಷಯದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಸಾಲಗಾರನಿಗೆ ಒಳ್ಳೆಯ ರಕ್ಷೆಯನ್ನು ಒದಗಿಸಿದೆ. ಅದರ 130ನೆಯ ಕಲಮಿನಂತೆ, ಇಂತಹ ಋಣವನ್ನು ಮತ್ತೊಬ್ಬನಿಗೆ ವಹಿಸುವುದಾದರೆ ಸಹಿಯುಳ್ಳ ಲಿಖಿತ ಪತ್ರದಿಂದಲೇ ವಹಿಸತಕ್ಕದ್ದು. ವರ್ಗಾವಣೆಯ ಸಂಗತಿ ತಿಳಿಯುವುದಕ್ಕೆ ಮೊದಲು ಸಾಲಗಾರನು ಮೂಲ ಧನಿಗೆ ಕೊಟ್ಟ ಹಣವು ಸರಿಯಾದ ಪಾವತಿಯೇ ಆಗುವುದು. 132ನೆಯ ಕಲಮು ಇನ್ನೂ ಮುಖ್ಯವಾದುದು: ಋಣವನ್ನು ಕೊಂಡವನು ಅದರ ದೋಷಗಳೊಡನೆಯೇ ಕೊಂಡಂತೆ. ಬ್ಯಾಂಕಿನ ಎದುರಿಗೆ ನಮ್ಮ ಗುಮಾಸ್ತನು ಯಾವ ತಕರಾರನ್ನು ಎತ್ತಬಹುದಾಗಿತ್ತೋ ಅದೇ ತಕರಾರನ್ನು ಕೊಂಡವನ ಎದುರಿಗೂ ಎತ್ತಬಹುದು. ತೀರಿದ ಸಾಲವು ಕೈ ಬದಲಾದ ಮಾತ್ರದಿಂದ ಜೀವಂತವಾಗುವುದಿಲ್ಲ.

ಆದುದರಿಂದ ಮೊದಲನೆಯ ಕೆಲಸವು ಬರೆದು ಕೇಳುವುದು. ಎರಡು ಪತ್ರಗಳನ್ನು ಬರೆಯಬೇಕು. ಒಂದು ವಸೂಲಿ ಸಂಸ್ಥೆಗೆ, ಇನ್ನೊಂದು ಮೂಲ ಬ್ಯಾಂಕಿಗೆ. “ಈ ಬಾಕಿಯನ್ನು ನಾನು ಒಪ್ಪುವುದಿಲ್ಲ, ಮುಂದಿನ ವಿವರಗಳನ್ನು ಬರಹದಲ್ಲಿ ಕಳುಹಿಸಬೇಕು” ಎಂದು ಆರಂಭದಲ್ಲಿಯೇ ಹೇಳಬೇಕು. ನಿಮ್ಮನ್ನು ನೇಮಿಸಿದ ಅಧಿಕಾರಪತ್ರ ಇಲ್ಲವೆ ಋಣವನ್ನು ನಿಮಗೆ ವಹಿಸಿಕೊಟ್ಟ ಪತ್ರ ಎಲ್ಲಿ? ಮೂಲ ಕರಾರು ಎಲ್ಲಿ? ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು, ಯಾವ ದಿನದಿಂದ? ಕೊನೆಯ ಪಾವತಿಯು ಯಾವ ತಾರೀಖಿನದು? ಬ್ಯಾಂಕಿನ ಸಾಲದ ಬಡ್ಡಿಯು ಅತಿಯಾಯಿತೆಂಬ ಒಂದೇ ಕಾರಣಕ್ಕೆ ನ್ಯಾಯಾಲಯವು ಆ ವ್ಯವಹಾರವನ್ನು ಮತ್ತೆ ತೆರೆಯಬಾರದೆಂದು 1984ರಲ್ಲಿ ಬ್ಯಾಂಕಿಂಗ್ ಕಾಯಿದೆಗೆ ಸೇರಿಸಿದ 21-ಎ ಕಲಮು ಹೇಳುವುದು ನಿಜ. ಆದರೆ ಹಾಕಿದ ಬಡ್ಡಿಯು ಕರಾರಿಗೆ ಅನುಸಾರವಾಗಿದೆಯೆ ಎಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪತ್ರವನ್ನು ರಸೀದಿ ದೊರೆಯುವ ಅಂಚೆಯಲ್ಲಿ ಕಳುಹಿಸಿ, ಅದರ ನಕಲನ್ನೂ ಅಂಚೆಯ ರಸೀದಿಯನ್ನೂ ಜೋಪಾನವಾಗಿಡಬೇಕು.

ಬಾಗಿಲಿಗೆ ಬರುವವನ ನಡತೆಗೂ ಕಟ್ಟಳೆಗಳಿವೆ. ಬಲಾತ್ಕಾರದಿಂದ ವಸೂಲಿ ಮಾಡುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2007ರಲ್ಲಿ ಖಂಡಿಸಿತು. ಮರುವರ್ಷ, ಎಂದರೆ 2008ರ ಏಪ್ರಿಲಿನಲ್ಲಿ, ರಿಸರ್ವ್ ಬ್ಯಾಂಕು ವಸೂಲಿ ಏಜೆಂಟರ ವಿಷಯವಾಗಿ ಬ್ಯಾಂಕುಗಳಿಗೆ ನಿರ್ದೇಶಗಳನ್ನು ಕೊಟ್ಟಿತು. 2022ರ ಆಗಸ್ಟ್ 12ರಂದು, ಬೆಳಗಿನ 8 ಗಂಟೆಗೆ ಮುಂಚೆಯೂ ಸಂಜೆಯ 7 ಗಂಟೆಯ ತರುವಾಯವೂ ಬಾಕಿಗಾಗಿ ಕರೆಯಬಾರದೆಂದೂ, ಸಾಲಗಾರನನ್ನು ನಾಲ್ವರ ಮುಂದೆ ಅವಮಾನಪಡಿಸಬಾರದೆಂದೂ, ಆತನ ಮನೆಯವರನ್ನೂ ಸ್ನೇಹಿತರನ್ನೂ ಕಾಡಬಾರದೆಂದೂ ಮತ್ತೊಮ್ಮೆ ಎಚ್ಚರಿಸಿತು. ಏಜೆಂಟನು ಮಾಡಿದ ಕೃತ್ಯಕ್ಕೆ ಬ್ಯಾಂಕೇ ಹೊಣೆ. “ಅದು ಏಜೆನ್ಸಿಯವರ ಕೆಲಸ, ನಮಗೆ ತಿಳಿಯದು” ಎಂದು ಬ್ಯಾಂಕಿನವರು ಕೈ ತೊಳೆದುಕೊಳ್ಳುವಂತಿಲ್ಲ.

ಎರಡನೆಯ ವಿಚಾರವು ಕಾಲದ್ದು. 1963ರ ಕಾಲಮಿತಿ ಕಾಯಿದೆಯಂತೆ ಸಾಧಾರಣವಾದ ಹಣದ ಬಾಕಿಗೆ ದಾವೆ ಹೂಡುವ ಅವಧಿಯು ಮೂರು ವರ್ಷ. ಅಡಮಾನದ ಮೇಲಿನ ಹಣಕ್ಕೆ ಹನ್ನೆರಡು ವರ್ಷ. ಅವಧಿ ಮೀರಿ ಬಂದ ದಾವೆಯನ್ನು, ಪ್ರತಿವಾದಿಯು ಆ ಮಾತೆತ್ತದಿದ್ದರೂ ನ್ಯಾಯಾಲಯವು ವಜಾ ಮಾಡತಕ್ಕದ್ದೆಂದು ಮೂರನೆಯ ಕಲಮು ವಿಧಿಸಿದೆ. ಆದರೆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ 18ನೆಯ ಕಲಮಿನಂತೆಯೂ, ಅವಧಿಯೊಳಗೆ ಸ್ವಲ್ಪ ಹಣ ಕಟ್ಟಿ ಅದಕ್ಕೆ ತನ್ನ ಕೈಬರಹವನ್ನೋ ಸಹಿಯನ್ನೋ ಹಾಕಿದರೆ 19ನೆಯ ಕಲಮಿನಂತೆಯೂ, ಆ ದಿನದಿಂದ ಹೊಸ ಅವಧಿಯು ಆರಂಭವಾಗುವುದು. ಅವಧಿ ಮುಗಿದ ಮೇಲೆಯೂ ಸುರಕ್ಷಿತನಾದೆನೆಂದು ಮೈಮರೆಯುವಂತಿಲ್ಲ. ಕಾಲ ಮೀರಿದ ಸಾಲವನ್ನು ಕೊಡುತ್ತೇನೆಂದು ಬರೆದು ಸಹಿ ಮಾಡಿದ ವಾಗ್ದಾನವು 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ ಹೊಸ ಕರಾರೇ ಆಗುವುದು. “ಇವತ್ತು ಐದು ಸಾವಿರ ಕಟ್ಟಿ, ಈ ಕಾಗದಕ್ಕೊಂದು ಸಹಿ ಹಾಕಿ” ಎಂಬ ಸೌಜನ್ಯದ ಒಳಗುಟ್ಟು ಇದೇ. ಕೇಳಿದವನಿಗೆ ಐದು ಸಾವಿರಕ್ಕಿಂತಲೂ ಆ ಸಹಿಯೇ ಹೆಚ್ಚು ಬೆಲೆಯುಳ್ಳದ್ದು.

ಈ ತಂತ್ರವು ಹೊಸದೇನೂ ಅಲ್ಲ. 1859ರಲ್ಲಿ ಬ್ರಿಟಿಷ್ ಸರಕಾರವು ಕಾಲಮಿತಿಯ ಕಾನೂನನ್ನು ತಂದು ಸಾಲಪತ್ರಗಳಿಗೆ ಮೂರು ವರ್ಷಗಳ ಅವಧಿಯನ್ನು ಗೊತ್ತುಮಾಡಿದಾಗ, ಬಹುಕಾಲದ ಬಡ್ಡಿಯ ಹೊರೆಯಿಂದ ರೈತನನ್ನು ಉಳಿಸುವುದೇ ಅದರ ಉದ್ದೇಶವಾಗಿದ್ದಿತು. ಸಾಹುಕಾರರು ಅದನ್ನು ತಮ್ಮ ಆಯುಧವನ್ನಾಗಿ ಮಾಡಿಕೊಂಡರು. ಮೂರು ವರ್ಷ ತುಂಬುವುದರೊಳಗೆ ರೈತನನ್ನು ಕರೆಸಿ, ಅಸಲಿಗೆ ಬಡ್ಡಿಯನ್ನು ಸೇರಿಸಿ, ಒಟ್ಟು ಮೊತ್ತಕ್ಕೆ ಹೊಸ ಪತ್ರ ಬರೆಯಿಸಿ ಹೆಬ್ಬೆಟ್ಟೊತ್ತಿಸುವ ಪದ್ಧತಿಯು ಬಲವಾಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಪತ್ರಗಳನ್ನು ಕಸಿದುಕೊಂಡು ಸುಟ್ಟರು. ಅಹಮದನಗರ ಜಿಲ್ಲೆಯಲ್ಲಿಯೂ ಹೀಗೆಯೇ ಆಯಿತು. ಆ ಬೆಂಕಿಯಲ್ಲಿ ಕಲಿತ ಪಾಠದಿಂದಲೇ 1879ರ ದಖ್ಖಣ ಕೃಷಿಕರ ಪರಿಹಾರ ಕಾಯಿದೆಯು ಹುಟ್ಟಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಅದರ ಹಿಂದಿನ ವ್ಯವಹಾರವನ್ನೆಲ್ಲ ಬುಡದಿಂದ ವಿಚಾರಿಸುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಟ್ಟಿತು. ಅಂದು ಹೆಬ್ಬೆಟ್ಟು, ಇಂದು ಸಹಿ. ಮಸಿ ಬದಲಾಗಿದೆ, ಆಟ ಬದಲಾಗಿಲ್ಲ.

ಇಲ್ಲಿ ಧರ್ಮಭೀರುಗಳಾದ ವಾಚಕರು ಒಂದು ಆಕ್ಷೇಪಣೆಯನ್ನೆತ್ತಬಹುದು. ಕಾಲ ಮೀರಿತೆಂಬ ನೆಪದಿಂದ ಸಾಲವನ್ನು ತಪ್ಪಿಸಿಕೊಳ್ಳುವುದು ನ್ಯಾಯವೆ? ಋಣವು ಜನ್ಮಾಂತರಕ್ಕೂ ಬೆನ್ನು ಬಿಡದೆಂದು ನಂಬಿದ ಜನರು ನಾವಲ್ಲವೆ? ಈ ಆಕ್ಷೇಪಣೆಯನ್ನು ನಾವು ಗೌರವಿಸುತ್ತೇವೆ. ಕಾನೂನು ಕೂಡ ಋಣವು ಸತ್ತಿತೆಂದು ಹೇಳುವುದಿಲ್ಲ. ಅವಧಿ ಮೀರಿದಾಗ ದಾವೆಯ ದಾರಿ ಮುಚ್ಚುವುದೇ ಹೊರತು ಋಣವೇ ಅಳಿದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 1950ರ ದಶಕದಲ್ಲಿಯೇ ತೀರ್ಮಾನಿಸಿದೆ. ತಾನು ಕೊಡಬೇಕಾದುದು ನಿಜವೆಂದು ಮನಸ್ಸಿಗೆ ತಿಳಿದವನು ಕೊಡಲಿ; ಮೂಲ ಧನಿಯನ್ನು ಕಂಡು, ಲೆಕ್ಕ ಮಾಡಿಸಿ, ರಸೀದಿ ಪಡೆದು ಕೊಡಲಿ. ಅದು ಪುರುಷಾರ್ಥವೇ ಸರಿ. ಆದರೆ ಕಾಲಮಿತಿಯೆಂಬುದು ಸುಳ್ಳುಗಾರರಿಗಾಗಿ ಮಾಡಿದ ಕಿಂಡಿಯಲ್ಲ. ವರ್ಷಗಳು ಕಳೆದಂತೆ ಸಾಕ್ಷಿಗಳು ಸಾಯುತ್ತಾರೆ, ರಸೀದಿಗಳು ಕಳೆಯುತ್ತವೆ, ನೆನಪು ಮಸುಕಾಗುತ್ತದೆ. ಕೇಳುವವನು ನಿದ್ರಿಸುತ್ತಿದ್ದು, ಕೊಟ್ಟವನ ಸಾಕ್ಷ್ಯವೆಲ್ಲ ಅಳಿದ ಮೇಲೆ ಎದ್ದುಬಂದರೆ, ಸಾಲ ತೀರಿಸಿದವನೂ ತೀರಿಸದವನೂ ಒಂದೇ ತೆರನಾಗಿ ಕಾಣುವರು. ಆ ಅನ್ಯಾಯವನ್ನು ತಡೆಯುವುದಕ್ಕಾಗಿಯೇ ಕಾಲಕ್ಕೆ ಎಲ್ಲೆ ಹಾಕಿದೆ.

ತೀರಿಸಿದವನ ಸಾಕ್ಷ್ಯವನ್ನು ಉಳಿಸುವ ಚಿಂತೆಯು ನಮ್ಮ ಪೂರ್ವಿಕರಿಗೂ ಇದ್ದಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವು ಭಾರತದ ಬಹುಭಾಗದಲ್ಲಿ ಧರ್ಮಶಾಸ್ತ್ರಕ್ಕೆ ಪ್ರಮಾಣವಾಯಿತು. ಆ ಸ್ಮೃತಿಯ ಋಣಾದಾನ ಪ್ರಕರಣದಲ್ಲಿ ಒಂದು ವಿಧಿಯುಂಟು. ಸಾಲಗಾರನು ಹಣವನ್ನು ಕೊಟ್ಟಾಗಲೆಲ್ಲ ಸಾಲಪತ್ರದ ಬೆನ್ನಿನ ಮೇಲೆ ಅದನ್ನು ಬರೆಯಬೇಕು, ಇಲ್ಲವೆ ಧನಿಯು ತನ್ನ ಕೈಯ ಗುರುತುಳ್ಳ ರಸೀದಿಯನ್ನು ಕೊಡಬೇಕು. ಪೂರ್ತಿ ತೀರಿದಾಗ ಪತ್ರವನ್ನು ಹರಿದುಹಾಕಬೇಕು, ಅಥವಾ ಶುದ್ಧಿಗಾಗಿ ಬೇರೊಂದು ಪತ್ರವನ್ನು ಮಾಡಿಸಬೇಕು. ಒಂಬೈನೂರು ವರ್ಷಗಳ ಹಿಂದೆ ಕನ್ನಡ ನೆಲದಲ್ಲಿ ಕುಳಿತು ವಿದ್ವಾಂಸನೊಬ್ಬನು ವಿವರಿಸಿದ ಈ ನಿಯಮದ ಬೆಲೆಯು ಇಂದಿಗೂ ಕುಂದಿಲ್ಲ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಸ್ವತ್ತಿನ ಮೂಲ ಪತ್ರಗಳನ್ನು ಹಿಂದಿರುಗಿಸತಕ್ಕದ್ದು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡತಕ್ಕದ್ದು ಎಂದು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ವಿಧಿಸಿತು. ಬಾಕಿಯಿಲ್ಲದ ಕ್ರೆಡಿಟ್ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂದೂ, ತಡಮಾಡಿದರೆ ದಿನಕ್ಕೆ 500 ರೂಪಾಯಿ ತೆರಬೇಕೆಂದೂ 2022ರಲ್ಲಿ ಆಜ್ಞೆಯಾಯಿತು. ಇವೆರಡೂ ಆ ಹಳೆಯ ಶುದ್ಧಿಪತ್ರದ ವಂಶದವೇ. ಸಾಲ ತೀರಿದ ದಿನವೇ ಬೇಬಾಕಿ ಪತ್ರವನ್ನು ಕೇಳಿ ಪಡೆಯದವನು ತೀರಿಸಿದ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ.

ದಾವೆಯ ದಾರಿ ಮುಚ್ಚಿದರೂ ತೊಂದರೆ ಮುಗಿಯುವುದಿಲ್ಲ. ಜನರು ಸಿಬಿಲ್ ಎಂದು ಕರೆಯುವ ಸಾಲದ ದಾಖಲೆಯಲ್ಲಿ ಈ ಬಾಕಿಯು ಕಲೆಯಂತೆ ಉಳಿದು, ಮಗನ ವಿದ್ಯಾಭ್ಯಾಸಕ್ಕೋ ಮನೆ ಕಟ್ಟುವುದಕ್ಕೋ ಸಾಲ ಕೇಳಹೋದಾಗ ಅಡ್ಡ ಬರುವುದು. 2005ರ ಸಾಲಮಾಹಿತಿ ಕಂಪನಿಗಳ ಕಾಯಿದೆಯಂತೆ ತನ್ನ ದಾಖಲೆಯನ್ನು ನೋಡುವುದಕ್ಕೂ, ತಪ್ಪಿದ್ದರೆ ತಿದ್ದಿಸುವುದಕ್ಕೂ ಸಾಲಗಾರನಿಗೆ ಹಕ್ಕುಂಟು. 2017ರಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಶುಲ್ಕವಿಲ್ಲದೆ ಪಡೆಯುವ ಅನುಕೂಲವಾಗಿದೆ. ತಕರಾರನ್ನು 30 ದಿನಗಳೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವು 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ರಾಜಿಯಾಗಿ ಕಡಿಮೆ ಹಣಕ್ಕೆ ತೀರಿಸಿದರೆ ದಾಖಲೆಯಲ್ಲಿ “ತೀರಿದೆ” ಎಂದಲ್ಲದೆ “ರಾಜಿಯಾಯಿತು” ಎಂಬ ಅರ್ಥದ ಗುರುತು ಬೀಳುವುದೆಂಬುದನ್ನೂ ವಾಚಕರು ಮರೆಯಬಾರದು. ಪೂರ್ತಿ ತೀರಿಸಿದ ಸಾಲಕ್ಕೆ ರಾಜಿ ಮಾಡಿಕೊಂಡವನು ಇಲ್ಲದ ಕಳಂಕವನ್ನು ತಾನೇ ಹಚ್ಚಿಕೊಂಡಂತಾಗುವುದು.

ಬ್ಯಾಂಕಿಗೆ ಬರೆದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಲ್ಲಿ ದೂರು ಸಲ್ಲಿಸಬಹುದು; ಅದಕ್ಕೆ ಶುಲ್ಕವಿಲ್ಲ. ಲೋಕ ಅದಾಲತ್ತಿನ ನೋಟೀಸು ಬಂದರೆ ಅದನ್ನು ದಾವೆಯ ಸಮನ್ಸೆಂದು ತಿಳಿದು ಬೆದರಬೇಕಾಗಿಲ್ಲ. ಅಲ್ಲಿ ನಡೆಯುವುದು ರಾಜಿ, ಒಪ್ಪದವನನ್ನು ಒಪ್ಪಿಸುವಂತಿಲ್ಲ. ಆದರೆ ಒಮ್ಮೆ ಒಪ್ಪಿ ಸಹಿ ಮಾಡಿದರೆ ಅದು 1987ರ ಕಾಯಿದೆಯಂತೆ ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ. ನಿಜವಾದ ನ್ಯಾಯಾಲಯದ ಸಮನ್ಸು ಬಂದಾಗಲಾದರೋ ಉದಾಸೀನ ಮಾಡಲೇಬಾರದು. ಹಾಜರಾಗದವನ ಮೇಲೆ ಏಕಪಕ್ಷೀಯ ಡಿಕ್ರಿಯಾದರೆ, ಅದನ್ನು ಹನ್ನೆರಡು ವರ್ಷಗಳವರೆಗೆ ಅಮಲಿಗೆ ತರಬಹುದು.

ಇಷ್ಟು ರಕ್ಷೆಗಳಿದ್ದರೂ ಸಾಮಾನ್ಯನು ನಡುಗುವುದೇಕೆ? ನಿಯಮಗಳು ಒಂದೊಂದು ಕಾಯಿದೆಯಲ್ಲಿ ಒಂದೊಂದಾಗಿ ಚದರಿಹೋಗಿರುವುದೂ, ಕೇಳುವ ಭಾರವೆಲ್ಲ ಸಾಲಗಾರನ ಮೇಲೆಯೇ ಬಿದ್ದಿರುವುದೂ ಇದಕ್ಕೆ ಕಾರಣ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1977ರ ಒಂದು ಕಾಯಿದೆಯು ಈ ಭಾರವನ್ನು ವಸೂಲಿದಾರನ ಮೇಲೆ ಹಾಕಿದೆ. ಮೊದಲ ತಗಾದೆಯಾದ ಐದು ದಿನಗಳೊಳಗೆ ಆತನು ಬಾಕಿಯ ವಿವರವನ್ನು ಬರಹದಲ್ಲಿ ಕಳುಹಿಸಬೇಕು. 30 ದಿನಗಳೊಳಗೆ ಸಾಲಗಾರನು ಬರೆದು ತಕರಾರು ಮಾಡಿದರೆ, ಪ್ರಮಾಣವನ್ನು ಒದಗಿಸುವವರೆಗೆ ವಸೂಲಿಯನ್ನು ನಿಲ್ಲಿಸಬೇಕು. ಕಾಲ ಮೀರಿದ ಸಾಲಕ್ಕೆ ದಾವೆ ಹೂಡುವುದನ್ನೂ, ಹೂಡುತ್ತೇವೆಂದು ಬೆದರಿಸುವುದನ್ನೂ 2021ರ ನವೆಂಬರಿನಿಂದ ಅಲ್ಲಿ ವಸೂಲಿದಾರರಿಗೆ ನಿಷೇಧಿಸಲಾಗಿದೆ. ನಮ್ಮ ರಾಜ್ಯದಲ್ಲಿ ಕಿರುಸಾಲಗಳ ವಸೂಲಿಯ ಕಿರುಕುಳದಿಂದ ಪ್ರಾಣಹಾನಿಗಳಾದ ಮೇಲೆ, 2025ರ ಫೆಬ್ರವರಿ 12ರಂದು ಹೊರಟ ಸುಗ್ರೀವಾಜ್ಞೆಯು ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಬಲಾತ್ಕಾರಕ್ಕೆ ಶಿಕ್ಷೆಯಾಗುವುದು ಅವಶ್ಯವೇ. ಆದರೆ ಮೃದುವಾದ ಮಾತಿನಿಂದ ಇಲ್ಲದ ಬಾಕಿಯನ್ನು ಕೇಳುವವನಿಗೆ ಶಿಕ್ಷೆಯ ಭಯ ಸಾಲದು; ಕೇಳುವುದಕ್ಕೆ ಮೊದಲು ಪತ್ರವನ್ನು ತೋರಿಸತಕ್ಕದ್ದೆಂಬ ಕಟ್ಟಳೆ ಬೇಕು. ಮೂಲ ಕರಾರೂ ಪಾವತಿಗಳ ಪೂರ್ಣ ಲೆಕ್ಕವೂ ಜೊತೆಗಿಲ್ಲದೆ ಯಾವ ಬಾಕಿಯನ್ನೂ ವಸೂಲಿಗೆ ಒಪ್ಪಿಸಬಾರದು, ಮಾರಲೂಬಾರದು ಎಂಬ ಒಂದೇ ವಾಕ್ಯದ ಕಾನೂನು ಈ ವ್ಯಾಧಿಯ ಅರ್ಧವನ್ನು ಗುಣಪಡಿಸುವುದು. ಅಧಿಕಾರದಲ್ಲಿರುವವರು ಇದನ್ನು ಮನಸ್ಸಿಗೆ ತರಬೇಕು.

ಅಲ್ಲಿಯವರೆಗೆ ನಮ್ಮ ಗುಮಾಸ್ತನು ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಆತನು ಐದು ಸಾವಿರ ಕೊಡದೆ, “ಏನಿದ್ದರೂ ಬರೆದು ಕಳುಹಿಸಿ” ಎಂದಷ್ಟೇ ಹೇಳಿ ದೂರವಾಣಿಯನ್ನು ಇಡಲಿ. ಸಂಜೆ ಮನೆಗೆ ಹೋಗಿ ಹಳೆಯ ಪೆಟ್ಟಿಗೆಯನ್ನು ತೆಗೆದು ರಸೀದಿಯನ್ನು ಹುಡುಕಲಿ. ರಸೀದಿ ಸಿಕ್ಕದಿದ್ದರೆ, 2015ರಲ್ಲಿ ಹಣ ಹೋದ ಬ್ಯಾಂಕು ಖಾತೆಯ ಹಳೆಯ ಲೆಕ್ಕವನ್ನು ಬರೆದು ಕೇಳಲಿ. ಮರುದಿನವೇ ಆ ಎರಡು ಪತ್ರಗಳನ್ನು ಅಂಚೆಗೆ ಹಾಕಲಿ. ಮನೆಯವರ ಮುಂದೆ ಈ ವಿಷಯವನ್ನು ಮುಚ್ಚಿಡದೆ ಹೇಳಲಿ. ಏಕೆಂದರೆ ಸುಳ್ಳು ತಗಾದೆಯು ಬೆಳೆಯುವುದು ಗೃಹಸ್ಥನ ಮೌನದಲ್ಲಿ. ನಿಜವಾದ ಋಣವನ್ನು ತೀರಿಸುವುದರಲ್ಲಿ ಎಷ್ಟು ಮಾನವಿದೆಯೋ, ಇಲ್ಲದ ಋಣವನ್ನು ಇಲ್ಲವೆಂದು ಬರೆದು ಹೇಳುವುದರಲ್ಲಿಯೂ ಅಷ್ಟೇ ಮಾನವಿದೆ.